ಹೊಸದನ್ನ ಕಂಡುಹಿಡಿಯೋರು ಗೆಲ್ಲೋದು ಅವರ ಅಭ್ಯಾಸದಿಂದಾನಾ? – ಪರ, ವಿರೋಧ

ಕಾಲೇಜ್ ಫಂಕ್ಷನ್ ಇರಲಿ, ಕಂಪನಿ ಟ್ರೈನಿಂಗ್ ಇರಲಿ, ಈಗ "ಇನ್ನೋವೇಟರ್‌ಗಳು ಹೇಗೆ ಯೋಚನೆ ಮಾಡ್ತಾರೆ, ಅವರ ಅಭ್ಯಾಸಗಳೇನು" ಅನ್ನೋ ಒಂದು ಭಾಷಣ ಇದ್ದೇ ಇರುತ್ತೆ. ಕೇಳೋರಲ್ಲಿ ಅರ್ಧ ಜನಕ್ಕೆ ಹುಮ್ಮಸ್ಸು ಬರುತ್ತೆ, ಇನ್ನರ್ಧ ಜನಕ್ಕೆ "ಇದೆಲ್ಲ ನಮ್ಮಂಥವರಿಗೆ ಆಗೋದಾ" ಅನ್ಸುತ್ತೆ. ನಿಜಕ್ಕೂ ಅವರ ಗುಣ, ಅಭ್ಯಾಸಗಳೇ ಅವರನ್ನ ಗೆಲ್ಲಿಸಿದ್ದಾ, ಇಲ್ಲ ಸುತ್ತಮುತ್ತ ಸಿಕ್ಕ ದುಡ್ಡು, ಜನ, ಆಸರೆಯಾ? ಇಬ್ಬರು ಬರೆದಿದ್ದಾರೆ. ಎರಡನೆಯವರು ಮೊದಲನೆಯದನ್ನ ಓದಿಯೇ ಬರೆದಿದ್ದು.

ಪರ: ಹೌದು, ಅಭ್ಯಾಸವೇ ಬೇರು

ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಹರೆಯದಲ್ಲಿ ಬೆಳಿಗ್ಗೆ ಬೇಗ ಏಳಕ್ಕೇ ಆಗ್ತಿರಲಿಲ್ವಂತೆ. ಅಲಾರಾಂ ಹೊಡ್ಕೊಳ್ಳುತ್ತೆ, ಆಫ್ ಮಾಡಿ ಮತ್ತೆ ಮಲಗೋದು, ನಾವೆಲ್ಲ ಮಾಡೋದೇ. ಅವರು ಮಾಡಿದ್ದೇನಂದ್ರೆ ಗಡಿಯಾರದ ಹಿಂದಿನ ಅಲಾರಾಂ ಕೀಲಿಗೆ ಒಂದು ದಾರ ಕಟ್ಟಿ, ಆ ದಾರದ ಇನ್ನೊಂದು ತುದೀನ ನೀರು ತುಂಬಿದ ಬಾಟ್ಲಿಗೆ ಕಟ್ಟಿದ್ರು. ಹಳೇ ಗಡಿಯಾರದಲ್ಲಿ ಅಲಾರಾಂ ಹೊಡ್ಕೊಳ್ಳುವಾಗ ಆ ಕೀಲಿ ತಾನಾಗಿ ತಿರುಗುತ್ತಲ್ಲ, ಆ ತಿರುಗಾಟಕ್ಕೆ ದಾರ ಎಳೆದು ಬಾಟ್ಲಿ ವಾಲಿ ನೀರು ಸೀದಾ ಮುಖದ ಮೇಲೆ. ಅದೇ ಅವರ ಮೊದಲನೇ ಯಂತ್ರ ಅಂತ ಹೇಳ್ತಾರೆ. ಇದರಲ್ಲಿ ದುಡ್ಡಿನ ಮಾತೇ ಇಲ್ಲ, ಡಿಗ್ರಿ ಇಲ್ಲ, ಒಂದು ದಾರ ಒಂದು ಬಾಟ್ಲಿ, ಅಷ್ಟೇ. ಇಲ್ಲಿ ನನಗೆ ಮುಖ್ಯ ಅನ್ಸೋದು ನೋಡೋ ರೀತಿ. ಕೀಲಿ ತಿರುಗೋದನ್ನ ಎಲ್ಲರೂ ನೋಡಿರ್ತಾರೆ, ತಿರುಗೋ ಆ ಸಣ್ಣ ಶಕ್ತಿಯಿಂದ ಏನಾದ್ರೂ ಕೆಲಸ ಮಾಡಿಸ್ಬಹುದು ಅಂತ ನೋಡಿದ್ದು ಅವರು.

ಮುಂದೆ ಅದೇ ಮನುಷ್ಯ ಬರಡು ಅಂತ ಜನ ಕೈಬಿಟ್ಟಿದ್ದಂಥ ನೆಲದಲ್ಲಿ ಹುಣಸೆ ಬೆಳೆಸಕ್ಕೆ ಹೊರಟ್ರು. ಅದಕ್ಕೂ ಮೊದಲು ಬೇರೆ ಹಣ್ಣಿನ ಗಿಡ ಹಾಕಿ ನೋಡಿ ಕೈಸುಟ್ಕೊಂಡಿದ್ರು. ಊರವರು "ಹುಣಸೆ ಹುಚ್ಚ" ಅಂತ ಹೆಸರಿಟ್ರು. ಹುಣಸೆ ಬಂತು, ಬಂದ ಮೇಲೆ ಇನ್ನೊಂದು ತಲೆನೋವು: ಹಣ್ಣಿನಿಂದ ಬೀಜ ಬಿಡಿಸೋದು. ಹಳ್ಳಿ ಮನೇಲಿ ಆ ಕೆಲಸ ನೋಡಿದವರಿಗೆ ಗೊತ್ತು, ಹೆಂಗಸರು ಸಾಲಾಗಿ ಕೂತು ಒಂದೊಂದೇ ಹಣ್ಣು ಕುಟ್ಟಿ ಕುಟ್ಟಿ ಬೀಜ ತೆಗೀಬೇಕು, ಬೆನ್ನು ಕೈ ಎಲ್ಲ ಹೋಗುತ್ತೆ. ಅದಕ್ಕೊಂದು ಯಂತ್ರ ಮಾಡಿದ್ರು. ಆಮೇಲೆ ಹುಣಸೆ ಹೋಳು ಮಾಡೋ ಯಂತ್ರ, ಬೀಜ-ಗೊಬ್ಬರ ಒಟ್ಟಿಗೆ ಬಿತ್ತೋ ಕೂರಿಗೆ, ಕಬ್ಬು ನಾಟಿ ಮಾಡೋ ಯಂತ್ರ, ಕಮ್ಮಿ ಕಟ್ಟಿಗೇಲಿ ನೀರು ಕಾಯಿಸೋ ಬಾಯ್ಲರ್, ಹೀಗೆ ಒಂದರ ಹಿಂದೆ ಒಂದು. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ. ಓದಿದ್ದು ಮೆಟ್ರಿಕ್. ಒಂದು ಯಂತ್ರ ಆದ್ರೆ ಅದೃಷ್ಟ ಅನ್ನಬಹುದು, ಒಂದು ಡಜನ್‌ಗಿಂತ ಜಾಸ್ತಿ ಆದ್ರೆ ಅದಕ್ಕೆ ಅಭ್ಯಾಸ ಅಂತಾನೇ ಅನ್ನಬೇಕು.

ಎರಡನೇ ಅಭ್ಯಾಸ, ನನ್ನ ಪ್ರಕಾರ ಎಲ್ಲದಕ್ಕಿಂತ ದೊಡ್ಡದು: ಬೇರೆಯವರ ಲೆಕ್ಕ ನಂಬದೆ ತಾವೇ ಅಳೆದು ನೋಡೋದು. ರೈಟ್ ಸಹೋದರರ ಕತೆ ಎಲ್ಲರೂ ಶಾಲೇಲಿ ಓದಿರ್ತೀವಿ, ಆದ್ರೆ 1901ರ ಚಳಿಗಾಲದಲ್ಲಿ ಅವರು ಮಾಡಿದ ಕೆಲಸ ಪಠ್ಯಪುಸ್ತಕದಲ್ಲಿ ಬರೋದೇ ಇಲ್ಲ. ಆ ವರ್ಷ ಅವರ ಗ್ಲೈಡರ್ ಲೆಕ್ಕದ ಪ್ರಕಾರ ಬರಬೇಕಿದ್ದ ಎತ್ತುವ ಬಲದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಕೊಡ್ತು. ಬೇರೆ ಯಾರಾದ್ರೂ ಆಗಿದ್ರೆ ನಮ್ಮ ಕೈಕೆಲಸ ಸರಿ ಇಲ್ಲ ಅಂದ್ಕೊಂಡು ಬಿಟ್ಟುಬಿಡ್ತಿದ್ರು. ಇವರಿಗೆ ಲೆಕ್ಕದ ಮೇಲೇ ಅನುಮಾನ ಬಂತು. ಡೇಟನ್ ಊರಲ್ಲಿದ್ದ ತಮ್ಮ ಸೈಕಲ್ ಅಂಗಡೀಲೇ ಆರು ಅಡಿ ಉದ್ದದ ಒಂದು ಮರದ ಪೆಟ್ಟಿಗೆ ಮಾಡಿ, ಒಂದು ತುದೀಲಿ ಫ್ಯಾನ್ ಕೂರಿಸಿ ಗಾಳಿ ಬಿಟ್ರು, ಒಳಗೆ ಅಂಗೈಯಷ್ಟು ಅಗಲದ ತಗಡಿನ ರೆಕ್ಕೆಗಳು. ಗಾಳಿ ರೆಕ್ಕೇನ ಎಷ್ಟು ಎತ್ತುತ್ತೆ ಅಂತ ಅಳೆಯೋ ತಕ್ಕಡಿ ಮಾಡಿದ್ದು ಹ್ಯಾಕ್ಸಾ ಬ್ಲೇಡ್ ತುಂಡು ಮತ್ತೆ ಸೈಕಲ್ ಚಕ್ರದ ಕಡ್ಡಿಗಳಿಂದ! ಎರಡೇ ತಿಂಗಳಲ್ಲಿ ಸುಮಾರು 200 ಬಗೆ ರೆಕ್ಕೆ ಇಟ್ಟು ನೋಡಿ ತಮ್ಮದೇ ಕೋಷ್ಟಕ ಬರ್ಕೊಂಡ್ರು. 1903 ಡಿಸೆಂಬರ್ 17ಕ್ಕೆ ಹಾರಿದ್ದು ಆ ಕೋಷ್ಟಕ.

ಅದೇ ಹೊತ್ತಿಗೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅಂತ ದೊಡ್ಡ ವಿಜ್ಞಾನಿ, ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರು, ಅಮೆರಿಕದ ಸೇನಾ ಇಲಾಖೆ ಕೊಟ್ಟ 50,000 ಡಾಲರ್ ಇಟ್ಕೊಂಡು ಅದೇ ಕೆಲಸ ಮಾಡ್ತಿದ್ರು. 1896ರಲ್ಲಿ ಅವರ ಸಣ್ಣ ಮಾದರಿ ಚೆನ್ನಾಗೇ ಹಾರಿತ್ತು. ಅದನ್ನೇ ದೊಡ್ಡದು ಮಾಡಿ, ಗ್ಲೈಡರ್‌ನಲ್ಲಿ ಹಾರಿ ಅಭ್ಯಾಸ ಇಲ್ಲದ ಮನುಷ್ಯನ್ನ ಕೂರಿಸಿ ದೋಣಿ ಮೇಲಿಂದ ಎಸೆದ್ರು. 1903ರ ಅಕ್ಟೋಬರ್‌ನಲ್ಲಿ ಒಂದ್ಸಲ, ಡಿಸೆಂಬರ್ 8ಕ್ಕೆ ಇನ್ನೊಂದ್ಸಲ, ಎರಡು ಸಲಾನೂ ಸೀದಾ ನದಿಗೆ. ಒಂಬತ್ತು ದಿನ ಆದ್ಮೇಲೆ ಸೈಕಲ್ ಅಂಗಡಿಯವರು ಹಾರಿದ್ರು. ದುಡ್ಡು, ಹೆಸರು, ಸರ್ಕಾರದ ಬೆಂಬಲ ಎಲ್ಲ ಲ್ಯಾಂಗ್ಲಿ ಕಡೆ ಇತ್ತು. ರೈಟ್‌ಗಳ ಕಡೆ ಇದ್ದಿದ್ದು ಕೆಲಸ ಮಾಡೋ ಕ್ರಮ: ಮೊದಲು ಗ್ಲೈಡರ್‌ನಲ್ಲಿ ನೂರಾರು ಸಲ ಹಾರಿ ಗಾಳೀಲಿ ಬ್ಯಾಲೆನ್ಸ್ ಕಲಿಯೋದು, ಇಂಜಿನ್ ಆಮೇಲೆ. ಆಸರೆಯೇ ಎಲ್ಲ ಅನ್ನೋರು ಇದಕ್ಕೇನು ಹೇಳ್ತಾರೆ?

ಹಟದ ಬಗ್ಗೆ ಒಂದು ಮಾತು. ಬ್ರಿಟನ್ನಿನ ಜೇಮ್ಸ್ ಡೈಸನ್ ಚೀಲ ಇಲ್ಲದ ವ್ಯಾಕ್ಯೂಮ್ ಕ್ಲೀನರ್‌ಗೆ 5,127 ಮಾದರಿ ಮಾಡಿದ್ರು ಅನ್ನೋದನ್ನ ಎಲ್ಲ ಭಾಷಣದಲ್ಲೂ ಹೇಳ್ತಾರೆ, ಆದ್ರೆ ಅರ್ಧ ಮಾತ್ರ ಹೇಳ್ತಾರೆ. ಅವರು ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡ್ತಿದ್ರು, ಹಾಗಾಗಿ ಪ್ರತಿ ಸೋಲೂ ಏನೋ ಒಂದು ಹೇಳಿಕೊಡ್ತಿತ್ತು. ಸುಮ್ನೆ ಅದನ್ನೇ ಮತ್ತೆ ಮತ್ತೆ ಮಾಡೋದು ಹಟ ಅಲ್ಲ. ಬಂಟ್ವಾಳ ತಾಲ್ಲೂಕು ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರನ್ನ ನೋಡಿ, ಹಗಲು ಬೇರೆಯವರ ತೋಟದಲ್ಲಿ ಕೂಲಿ, ಕೆಲಸ ಮುಗಿಸಿ ಬಂದು ದೀಪ ಹಚ್ಕೊಂಡು ಗುಡ್ಡ ಕೊರೆಯೋದು, ಒಬ್ಬರೇ. ಒಂದಲ್ಲ ಎರಡಲ್ಲ ಐದು ಸುರಂಗ ಒಣಗಿದ್ದೇ ಬಂತು, ಆರನೇದ್ರಲ್ಲಿ ನೀರು ಸಿಕ್ತು. ನೀರೇ ಇಲ್ಲದ ಬೋಳು ಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದ್ರು. ಅವರಿಗೂ 2022ರಲ್ಲೇ ಪದ್ಮಶ್ರೀ ಬಂತು.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಮ್ಮ ಇಂಜಿನಿಯರಿಂಗ್ ಹುಡುಗರು ಫೈನಲ್ ಇಯರ್ ಪ್ರಾಜೆಕ್ಟನ್ನ ಅಂಗಡೀಲಿ ದುಡ್ಡು ಕೊಟ್ಟು ತರ್ತಾರೆ, ರಿಪೋರ್ಟ್ ಸಮೇತ. ಲ್ಯಾಬ್ ರೆಕಾರ್ಡ್ ಸೀನಿಯರ್ ಹತ್ರ ಇಸ್ಕೊಂಡು ಬರೀತಾರೆ, ರೀಡಿಂಗ್ ಸಹ ಅದೇ. ಇದನ್ನ ನಾನು ಕಣ್ಣಾರೆ ನೋಡಿದೀನಿ, ನೋಡಿ ಹೊಟ್ಟೆ ಉರ್ಕೊಂಡಿದೀನಿ. ಇಲ್ಲಿ ಕಮ್ಮಿ ಇರೋದು ದುಡ್ಡಲ್ಲ, ಆ ಹುಡುಗನಿಗೆ ಒಂದು ಸಲಾನಾದ್ರೂ ತಾನೇ ಅಳೆದ ಒಂದು ಸಂಖ್ಯೆ ಪುಸ್ತಕದ ಸಂಖ್ಯೆಗಿಂತ ಬೇರೆ ಬಂದು, ಯಾಕೆ ಬೇರೆ ಬಂತು ಅಂತ ರಾತ್ರಿ ನಿದ್ದೆ ಕೆಟ್ಟಿಲ್ಲ. ಆ ಚಟ ಹತ್ತಿಸಬೇಕು. ಹೈಸ್ಕೂಲಿಂದಾನೇ ಪ್ರಯೋಗದ ಉತ್ತರ ತಪ್ಪು ಬಂದ್ರೆ ಮಾರ್ಕ್ಸ್ ಕಡಿಯೋದು ನಿಲ್ಲಿಸಿ, ತಪ್ಪು ಯಾಕೆ ಬಂತು ಅಂತ ಬರೆದವನಿಗೆ ಪೂರ್ತಿ ಮಾರ್ಕ್ಸ್ ಕೊಡಿ ಸಾಕು. ಇದಕ್ಕೆ ಸರ್ಕಾರದ ಬಜೆಟ್ಟೂ ಬೇಡ, ಹೊಸ ಕಟ್ಟಡಾನೂ ಬೇಡ.

ವಿರೋಧ: ಅಭ್ಯಾಸ ಬೇಕು, ಆದ್ರೆ ಗೆಲ್ಲಿಸೋದು ಅದಲ್ಲ

ಮೇಲೆ ಬರೆದ ಹೆಸರುಗಳ ಮೇಲೆಲ್ಲ ನನಗೂ ಅಷ್ಟೇ ಗೌರವ ಇದೆ, ಅದರಲ್ಲಿ ಜಗಳ ಇಲ್ಲ. ನನ್ನ ತಕರಾರು ಇಷ್ಟೇ: ಆ ಕತೆಗಳಲ್ಲಿ ಪಕ್ಕದಲ್ಲಿ ನಿಂತವರನ್ನ ಅಳಿಸಿಬಿಟ್ರೆ ಕೊನೆಗೆ ಉಳಿಯೋದು "ಅಭ್ಯಾಸ" ಒಂದೇ ಆಗಿರುತ್ತೆ. ಅವರನ್ನ ವಾಪಸ್ ಕರೆದುನೋಡೋಣ.

ರೈಟ್ ಸಹೋದರರಿಂದಾನೇ ಶುರು ಮಾಡ್ತೀನಿ. ಇಬ್ಬರೂ ಮದುವೆ ಆಗಲಿಲ್ಲ. ತಾಯಿ 1889ರಲ್ಲೇ ತೀರ್ಕೊಂಡಿದ್ರು, ಆಮೇಲೆ ಮನೆ ನೋಡ್ಕೊಂಡಿದ್ದು ತಂಗಿ ಕ್ಯಾಥರೀನ್, ಕಾಲೇಜ್ ಓದಿ ಹೈಸ್ಕೂಲಲ್ಲಿ ಪಾಠ ಮಾಡ್ತಾ ಮನೇನೂ ತೂಗಿಸಿದೋರು. ಅಣ್ಣಂದಿರು ತಿಂಗಳುಗಟ್ಟಲೆ ಕಿಟಿ ಹಾಕ್ ಕಡಲತೀರದ ಮರಳುದಿಬ್ಬಗಳಲ್ಲಿ ಗ್ಲೈಡರ್ ಹಾರಿಸ್ತಿದ್ದಾಗ ಮನೆಗೆ ಬೀಗ ಬೀಳದೇ ಇದ್ದಿದ್ದು ಅವರಿಂದ. ವಿಮಾನದ ಇಂಜಿನ್ ಮಾಡಿದ್ದು ಯಾರು? ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್, ಸುಮಾರು ಆರು ವಾರದಲ್ಲಿ. ಇನ್ನು ಆ ಸ್ಮಿತ್ಸೋನಿಯನ್ ಸಂಸ್ಥೆ, ಅದನ್ನ ಲ್ಯಾಂಗ್ಲಿ ಕಡೆ ಮಾತ್ರ ಸೇರಿಸಿದ್ದು ಅನ್ಯಾಯ. 1899ರ ಮೇ ತಿಂಗಳಲ್ಲಿ ವಿಲ್ಬರ್ ರೈಟ್ ಅದೇ ಸಂಸ್ಥೆಗೆ ಒಂದು ಕಾಗದ ಬರೆದು, ಹಾರಾಟದ ಬಗ್ಗೆ ಇರೋ ಪುಸ್ತಕ, ಲೇಖನ ಏನಿದೆ ತಿಳಿಸಿ ಅಂತ ಕೇಳಿದ್ರು. ಯಾರೋ ಗುರುತಿಲ್ಲದ ಸೈಕಲ್ ಅಂಗಡಿಯವನ ಕಾಗದ, ಕಸದಬುಟ್ಟಿಗೆ ಹಾಕಬಹುದಿತ್ತು. ಅವರು ಲೇಖನಗಳನ್ನ ಕಳಿಸಿದ್ರು, ಏನೇನು ಓದಬೇಕು ಅಂತ ಪಟ್ಟೀನೂ ಕೊಟ್ರು. ನಮ್ಮಲ್ಲಿ ಒಬ್ಬ ಗ್ಯಾರೇಜ್ ಹುಡುಗ ಯಾವುದಾದ್ರೂ ದೊಡ್ಡ ಸಂಶೋಧನಾ ಸಂಸ್ಥೆಗೆ ಹಾಗೆ ಕಾಗದ ಬರೆದ್ರೆ ಉತ್ತರ ಬರುತ್ತಾ? ನನ್ನ ಮಟ್ಟಿಗೆ ಇಡೀ ಚರ್ಚೆ ನಿಂತಿರೋದೇ ಈ ಪ್ರಶ್ನೆ ಮೇಲೆ.

ನಡಕಟ್ಟಿನ ಅವರದ್ದು ಅನುಕೂಲಸ್ಥ ರೈತರ ಮನೆ, ಒಬ್ಬನೇ ಮಗ, ಹತ್ತಾರು ಎಕರೆ ಜಮೀನು. ಮಣ್ಣಲ್ಲಿ ಪ್ರಯೋಗ ಮಾಡಿ ಸೋತು, ಸಾಲ ಮಾಡಿ, ಮತ್ತೆ ಪ್ರಯೋಗ ಮಾಡೋಕೆ ಮೊದಲು ಮಣ್ಣು ಅಂತ ಒಂದು ಇರಬೇಕಲ್ಲ. ಅದೇ ಸ್ವಭಾವ, ಅದೇ ಕಣ್ಣು ಇರೋ ಕೂಲಿಯವನ ಮಗ ಹುಣಸೆ ಹುಚ್ಚ ಆಗೋ ಹಾಗೇ ಇಲ್ಲ, ಒಂದು ವರ್ಷದ ಹುಚ್ಚಿಗೆ ಅವನ ಮನೇಲಿ ಒಲೆ ಹತ್ತಲ್ಲ. ಡೈಸನ್ ಆ 5,127 ಮಾಡ್ತಾ ಕೂತಿದ್ದ ವರ್ಷಗಳಲ್ಲಿ ಹೆಂಡತಿ ಡೀಡ್ರಿ ಚಿತ್ರಕಲೆ ಪಾಠ ಮಾಡಿ ಸಂಸಾರಕ್ಕೆ ಆಸರೆ ಆಗಿದ್ರು, ಅಡ ಇಡಕ್ಕೆ ಒಂದು ಮನೆ ಇತ್ತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರದ್ದು ಇದಕ್ಕೆ ಉಲ್ಟಾ. ಹೆಣ್ಮಕ್ಕಳಿಗೆ ಕಮ್ಮಿ ಬೆಲೆಗೆ ಪ್ಯಾಡ್ ಮಾಡೋ ಯಂತ್ರ ಮಾಡಕ್ಕೆ ಹೊರಟಾಗ ಹೆಂಡತಿ ಮನೆ ಬಿಟ್ಟು ಹೋದ್ರು, ತಾಯೀನೂ ಹೋದ್ರು, ಊರು ದೂರ ಇಟ್ತು. ಅವರು ಗೆದ್ರು, ಹೆಂಡತೀನೂ ವಾಪಸ್ ಬಂದ್ರು, 2016ರಲ್ಲಿ ಪದ್ಮಶ್ರೀನೂ ಸಿಕ್ತು, ಹಾಗಾಗಿ ನಮಗೆ ಕತೆ ಗೊತ್ತು. ಅದೇ ಹಟ ಮಾಡಿ ಹೆಂಡತಿ ಮಕ್ಕಳನ್ನೂ ಕಳ್ಕೊಂಡು ಯಂತ್ರಾನೂ ಆಗದೆ ಉಳಿದೋರ ಹೆಸರು ನಿಮಗೆ ಗೊತ್ತಾ, ನನಗೆ ಗೊತ್ತಾ? ಗೆದ್ದೋರನ್ನ ಮಾತ್ರ ಸಾಲಾಗಿ ನಿಲ್ಲಿಸಿ "ನೋಡಿ ಇವರೆಲ್ಲ ಹಟಮಾರಿಗಳು" ಅಂದ್ರೆ ಅದು ಲೆಕ್ಕ ಅಲ್ಲ. ಸೋತ ಹಟಮಾರಿಗಳನ್ನೂ ಎಣಿಸಬೇಕು, ಅವರು ಸಿಗಲ್ಲ.

ಮಹಾಲಿಂಗ ನಾಯ್ಕರ ವಿಷಯ ನನಗೆ ಹತ್ತಿರದ್ದು, ನಮ್ಮ ಕಡೆಯವರು. ಗುಡ್ಡ ಕೊರೆದ ಬೆವರು ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸುರಂಗ ಅನ್ನೋದು ಅವರೊಬ್ಬರ ತಲೇಲಿ ಹುಟ್ಟಿದ್ದಲ್ಲ. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡಗಳಲ್ಲಿ ತಲೆತಲಾಂತರದಿಂದ ಸುರಂಗ ತೋಡ್ತಾ ಬಂದಿದಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯೋಷ್ಟು ಎತ್ತರ, ಒಳಗೆ ಹೋದ ಹಾಗೆ ಸ್ವಲ್ಪ ಸ್ವಲ್ಪ ಮೇಲಕ್ಕೆ ಏರು ಇಡ್ತಾರೆ, ಒಳಗೆ ಒಸರಿದ ನೀರು ತಾನಾಗಿ ಬಾಯಿ ಕಡೆಗೆ ಹರಿದು ಬರಬೇಕು, ಪಂಪೂ ಬೇಡ ಕರೆಂಟೂ ಬೇಡ. ಯಾವ ಜಾಗದಲ್ಲಿ ತೋಡಬೇಕು, ಮಣ್ಣಿನ ಬಣ್ಣ ಯಾವಾಗ ಬದಲಾಗುತ್ತೆ, ಒಳಗೆ ಉಸಿರಾಡಕ್ಕೆ ಗಾಳಿ ಸಾಲದಿದ್ರೆ ಏನು ಮಾಡಬೇಕು, ಈ ತಿಳುವಳಿಕೆ ಊರಿಗೆ ಊರೇ ಕಾಪಾಡಿಕೊಂಡು ಬಂದಿದ್ದು. ನಾಯ್ಕರು ಕೊರೆದ ನೆಲಾನೂ ಕೆಲಸ ಕೊಟ್ಟಿದ್ದ ಯಜಮಾನರು ಕೊಟ್ಟ ಎರಡು ಎಕರೆ ಗುಡ್ಡ. ಸ್ವಂತ ನೆಲ, ಊರಿನ ವಿದ್ಯೆ, ಒಳಗೆ ನೀರಿದ್ದ ಗುಡ್ಡ, ಇವು ಮೂರೂ ಇದ್ದಲ್ಲಿ ಅವರ ಹಟ ಫಲ ಕೊಡ್ತು. ಆರನೇದೂ ಒಣಗಿದ್ದಾಗಿದ್ರೆ ಅವರ ಹಟ ಒಂದು ಗುಲಗಂಜಿ ಕಮ್ಮಿ ಆಗ್ತಿರಲಿಲ್ಲ, ಆದ್ರೆ ದೆಹಲಿಗೆ ಕರೆದು ಸನ್ಮಾನ ಮಾಡ್ತಿರಲಿಲ್ಲ.

ಈಗ ಬೆಂಗಳೂರಿನ ಒಂದು ಕತೆ, ಯಾವ ಭಾಷಣದಲ್ಲೂ ಬರದೇ ಇರೋದು. ಸಿಂಪ್ಯೂಟರ್ ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತೆ ಬೆಂಗಳೂರಿನ ಎನ್‌ಕೋರ್ ಕಂಪನಿಯ ಇಂಜಿನಿಯರ್‌ಗಳು ಸೇರಿ ಮಾಡಿದ ಕೈಯಲ್ಲಿ ಹಿಡಿಯೋ ಕಂಪ್ಯೂಟರ್, ಮೊದಲ ಮಾದರಿ ಬಂದಿದ್ದು 2001ರಲ್ಲಿ. ಓದು ಬರಹ ಬರದವರಿಗೂ ಉಪಯೋಗ ಆಗಲಿ ಅಂತ ನಮ್ಮ ಭಾಷೆಗಳಲ್ಲಿ ಮಾತಾಡೋ ಹಾಗೆ ಯೋಚಿಸಿದ್ರು. ಒಂದು ಊರಿಗೆ ಒಂದೇ ಯಂತ್ರ ಇದ್ರೂ ಸಾಕು, ಪ್ರತಿಯೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್, ಕಾರ್ಡ್ ಹಾಕಿದ್ರೆ ಅವರವರ ಮಾಹಿತಿ. 2004ರಲ್ಲಿ ಬಿಇಎಲ್ ಜೊತೆ ಸೇರಿ ಮಾರ್ಕೆಟ್‌ಗೆ ಬಿಟ್ಟ ಅಮಿಡಾ ಸಿಂಪ್ಯೂಟರ್‌ನಲ್ಲಿ ಯಂತ್ರಾನ ಓರೆ ಮಾಡಿದ್ರೆ ಅದು ಗೊತ್ತಾಗೋ ಸೆನ್ಸರ್ ಇತ್ತು, ಐಫೋನ್ ಬರೋಕೆ ಮೂರು ವರ್ಷ ಮುಂಚೆ! ಪರವಾಗಿ ಬರೆದವರು ಹೇಳಿದ ಗುಣ ಒಂದೊಂದನ್ನೇ ತಗೊಳ್ಳಿ. ಜನರ ಕಷ್ಟ ನೋಡೋ ಕಣ್ಣು ಇತ್ತು. ತಾವೇ ಮಾಡಿ ನೋಡೋ ಶಿಸ್ತು ಇತ್ತು. ವರ್ಷಗಟ್ಟಲೆ ಬಿಡದೆ ಹಿಡಿದ ಹಟ ಇತ್ತು. ಯಾವುದು ಕಮ್ಮಿ ಇತ್ತು ಹೇಳಿ.

ಕಮ್ಮಿ ಇದ್ದಿದ್ದು ಅವರ ಸುತ್ತಮುತ್ತ. ಬಿಡಿಭಾಗ ಹೊರದೇಶದಿಂದ ತರಿಸಬೇಕು, ಲಕ್ಷಗಟ್ಟಲೆ ಆರ್ಡರ್ ಇದ್ರೆ ಬೆಲೆ ಇಳಿಯುತ್ತೆ, ಬೆಲೆ ಇಳಿದ್ರೆ ಆರ್ಡರ್ ಬರುತ್ತೆ, ಆ ಮೊದಲನೇ ದೊಡ್ಡ ಆರ್ಡರ್ ಕೊಡೋರೇ ಇಲ್ಲ. ಹಳ್ಳೀಲಿ ಇಂಟರ್ನೆಟ್ ಇಲ್ಲ. ಅಷ್ಟರಲ್ಲಿ ಮೊಬೈಲ್ ಬೆಲೆ ಬಿತ್ತು. ಮಾರಾಟ ಆಗಿದ್ದು ಕೆಲವೇ ಸಾವಿರ. ಅಂಥ ಯಂತ್ರ ಇನ್ನೊಂದು ಊರಲ್ಲಿ, ಹಿಂದೆ ಒಂದು ದೊಡ್ಡ ಕಾರ್ಖಾನೆ ಮತ್ತೆ ಹತ್ತು ವರ್ಷ ಕಾಯೋ ತಾಳ್ಮೆ ಇರೋ ಬಂಡವಾಳದ ಜೊತೆ ಹುಟ್ಟಿದ್ರೆ ಏನಾಗ್ತಿತ್ತೋ. ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಕಾಯೋ ತಾಳ್ಮೆ ಅಂದೆ. ಹಳದಿ ಅಂಟುಚೀಟಿ ಎಲ್ಲ ಆಫೀಸಲ್ಲೂ ಇರುತ್ತಲ್ಲ, ಆ ಅಂಟನ್ನ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಮಾಡಿದ್ದು 1968ರಲ್ಲಿ, ಗಟ್ಟಿ ಅಂಟು ಮಾಡಕ್ಕೆ ಹೋಗಿ ಸುಲಭವಾಗಿ ಕಿತ್ತುಬರೋ ಅಂಟು ಬಂತು. ಅದಕ್ಕೆ ಉಪಯೋಗ ಹೊಳೆದಿದ್ದು 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈಗೆ, ಚರ್ಚಲ್ಲಿ ಹಾಡಿನ ಪುಸ್ತಕದ ಗುರುತುಚೀಟಿ ಬಿದ್ದುಬಿದ್ದು ಹೋಗ್ತಿತ್ತು ಅಂತ. ದೇಶದ ತುಂಬ ಮಾರಾಟಕ್ಕೆ ಬಂದಿದ್ದು 1980. ಹನ್ನೆರಡು ವರ್ಷ! ಅಷ್ಟೂ ವರ್ಷ ಇಬ್ಬರಿಗೂ ತಿಂಗಳು ತಿಂಗಳು ಸಂಬಳ ಬರ್ತಿತ್ತು, ಕೆಲಸದ ಹೊತ್ತಲ್ಲಿ ಶೇಕಡ 15ರಷ್ಟನ್ನ ತಮಗೆ ಬೇಕಾದ ಪ್ರಯೋಗಕ್ಕೆ ಬಳಸಬಹುದು ಅನ್ನೋ ರೂಢಿ ಆ ಕಂಪನೀಲಿತ್ತು. ಸಿಲ್ವರ್ ಅವರ ಕುತೂಹಲ ದೊಡ್ಡದು, ಒಪ್ತೀನಿ. ಆದ್ರೆ ಅದು ಬದುಕಿದ್ದು ಸಂಬಳದ ನೆರಳಲ್ಲಿ.

ಲ್ಯಾಂಗ್ಲಿ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡ ಹಾಗಾಗಬಾರದು. ಒಪ್ತೀನಿ, ದುಡ್ಡೊಂದೇ ಇದ್ರೆ ಆಗಲ್ಲ, ಕೆಟ್ಟ ಕ್ರಮಕ್ಕೆ ದುಡ್ಡು ಸುರಿದ್ರೆ ನದಿಗೇ ಬೀಳುತ್ತೆ. ಅಭ್ಯಾಸ ಬೇಕೇಬೇಕು. ಆದ್ರೆ ಅಭ್ಯಾಸ ಇರೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ, ಅಪರೂಪ ಆಗಿರೋದು ಇನ್ನೊಂದು. ಬಂಟ್ವಾಳ ಕಡೆಯ ಸಜೀಪದ ಗಣಪತಿ ಭಟ್ಟರು ಅಡಿಕೆ ಮರ ಹತ್ತೋ ಬೈಕ್ ಮಾಡಿದ್ದು 2019ರಲ್ಲಿ ದೊಡ್ಡ ಸುದ್ದಿ ಆಯ್ತು. ಮರ ಹತ್ತೋ ಜನ ಸಿಗದೆ, ಮಳೆಗಾಲದಲ್ಲಿ ಹೊತ್ತಿಗೆ ಸರಿಯಾಗಿ ಮದ್ದು ಬಿಡಕ್ಕಾಗದೆ ಕೊಳೆರೋಗಕ್ಕೆ ಫಸಲು ಕೊಟ್ಟು ಕೂತ ಪ್ರತಿ ತೋಟದವನಿಗೂ ಆ ಕಷ್ಟ ಗೊತ್ತು. ಅವರು ಕೈಯಿಂದ ದುಡ್ಡು ಹಾಕಿ, ವರ್ಷಗಟ್ಟಲೆ ಕೂತು ಮಾಡಿದ್ರು. ಅವರ ಸುದ್ದಿ ಊರಾಚೆ ಮುಟ್ಟಿದ್ದು ಮಗಳು ಆ ಬೈಕ್ ಮೇಲೆ ಕೂತು ಸರ್ರನೆ ಮರ ಹತ್ತಿದ ವಿಡಿಯೋ ಎಲ್ಲರ ಫೋನಿಗೂ ಬಂದ ಮೇಲೆ. ವಿಡಿಯೋ ಓಡದೇ ಇದ್ದಿದ್ರೆ? ನಮ್ಮ ತಾಲ್ಲೂಕುಗಳಲ್ಲಿ ವೆಲ್ಡಿಂಗ್ ಶಾಪ್ ಹಿಂದೆ, ಹಟ್ಟಿ ಪಕ್ಕ ತುಕ್ಕು ಹಿಡೀತಾ ಬಿದ್ದಿರೋ ಅರೆಬರೆ ಯಂತ್ರಗಳನ್ನ ಯಾರಾದ್ರೂ ಹೋಗಿ ನೋಡಿದಾರಾ? ಐಐಎಂ ಅಹಮದಾಬಾದಿನ ಅನಿಲ್ ಗುಪ್ತಾ ಅವರು ಶೋಧಯಾತ್ರೆ ಅಂತ ಹಳ್ಳಿಹಳ್ಳಿ ಕಾಲ್ನಡಿಗೇಲಿ ಸುತ್ತಿ ಇಂಥವರನ್ನ ಹುಡುಕಿದ್ರು. 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಹಿಂದೆ ಇದ್ದಿದ್ದೂ ಅದೇ ಕೆಲಸ. ನಡಕಟ್ಟಿನ ಅವರಿಗೆ ಪ್ರಶಸ್ತಿ ಕೊಟ್ಟಿದ್ದೂ ಅದೇ ಸಂಸ್ಥೆ ಅನ್ನೋದನ್ನ ಮೇಲಿನವರು ಬರೆದ್ರು, ಅಲ್ಲಿಗೇ ಬಿಟ್ರು.

ಮಾರ್ಕ್ಸ್ ಕೊಡೋ ರೀತಿ ಬದಲಾಗಬೇಕು ಅಂದ್ರಲ್ಲ, ಅದಕ್ಕೆ ನನ್ನದೂ ಒಂದು ವೋಟು. ಬಜೆಟ್ ಬೇಡ ಅಂದಿದ್ದಕ್ಕೆ ಮಾತ್ರ ಇಲ್ಲ. ನಾನು ಒಂದು ಸರ್ಕಾರಿ ಶಾಲೇಲಿ ಮಕ್ಕಳಿಗೋಸ್ಕರ ಅಂತಾನೇ ಕೊಟ್ಟ ಲ್ಯಾಬ್ ನೋಡಿದೀನಿ, ತ್ರೀಡಿ ಪ್ರಿಂಟರ್‌ಗೆ ಹೊದಿಸಿದ ಪ್ಲಾಸ್ಟಿಕ್ ಸಹ ತೆಗೆದಿರಲಿಲ್ಲ, ಕೆಟ್ಟು ಹೋದ್ರೆ ರಿಪೇರಿಗೆ ದುಡ್ಡು ಯಾರು ಕೊಡ್ತಾರೆ ಅಂತ ಮೇಷ್ಟ್ರು ಬೀಗ ಹಾಕಿದ್ರು. ಮೇಷ್ಟ್ರದ್ದು ತಪ್ಪು ಅನ್ನಕ್ಕಾಗಲ್ಲ, ಕೆಟ್ಟ ಸಾಮಾನಿಗೆ ಅವರೇ ಜವಾಬ್ದಾರಿ. ಆ ಮಕ್ಕಳಿಗೆ ಎಷ್ಟು ಬೇಕಾದ್ರೂ ಕುತೂಹಲ ಕಲಿಸಿ, ಬೀಗ ಹಾಗೇ ಇರುತ್ತೆ. ಒಡೆದು ಹಾಕಿದ್ರೂ ಪರವಾಗಿಲ್ಲ ಅಂತ ಬರೆದ ಒಂದು ಸುತ್ತೋಲೆ, ರಿಪೇರಿಗೆ ವರ್ಷಕ್ಕೊಂದಿಷ್ಟು ದುಡ್ಡು, ಸಾಯಂಕಾಲ ಐದರ ಮೇಲೆ ಐಟಿಐ, ಪಾಲಿಟೆಕ್ನಿಕ್ ವರ್ಕ್‌ಶಾಪುಗಳನ್ನ ಊರಿನ ಮೆಕ್ಯಾನಿಕ್‌ಗಳಿಗೂ ರೈತರಿಗೂ ತೆರೆದಿಡೋ ವ್ಯವಸ್ಥೆ, ಒಂದ್ಸಲ ಸೋತವನಿಗೆ ಎರಡನೇ ಸಲ ಸಾಲ ಕೊಡೋ ಬ್ಯಾಂಕು. ಇಷ್ಟು ಮಾಡಿ ಐದು ವರ್ಷ ನೋಡಿ. ಅಷ್ಟಾದ ಮೇಲೂ ಯಾರೂ ಏನೂ ಮಾಡದೆ ಕೂತ್ರೆ, ಆವಾಗ ನಮ್ಮ ಜನರ ಅಭ್ಯಾಸದ ಬಗ್ಗೆ ಮಾತಾಡಕ್ಕೆ ನಾನೂ ಬರ್ತೀನಿ.